ಆಯುಧ ಪೂಜೆ ಹಾರವೂ ಕಾರಿನ ರಾಡಾರೂ

ಆಯುಧ ಪೂಜೆಯ ಮರುದಿನ ಹಾಸನದಿಂದ ಬೇಲೂರಿಗೆ ಹೊರಟಿದ್ದೆ. ಹಗರೆ ಹತ್ತಿರ ಡ್ಯಾಶ್‌ಬೋರ್ಡಲ್ಲಿ ಹಳದಿ ದೀಪ: ರಾಡಾರ್ (ಮುಂದಿರುವ ಗಾಡಿಗಳನ್ನು ಗುರುತಿಸುವ ಸೆನ್ಸರ್) ಮುಚ್ಚಿಕೊಂಡಿದೆ, ಆಟೋಮ್ಯಾಟಿಕ್ ತುರ್ತು ಬ್ರೇಕ್ ಕೆಲಸ ಮಾಡುತ್ತಿಲ್ಲ. ಕಾಲಲ್ಲಿ ಒತ್ತುವ ಬ್ರೇಕ್ ಸರಿಯಾಗೇ ಇತ್ತು. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ, ‘ಗಾಡಿ ತಂದು ಬಿಡಿ ಸಾರ್’ ಅಂದರು. ಸುಮ್ನೆ ಒಂದು ದಿನ ದಂಡ ಅಲ್ವಾ?

ಇಳಿದು ನೋಡಿದೆ. ನಮ್ಮ ಕಾರಲ್ಲಿ ರಾಡಾರ್ ಇರುವುದು ಮುಂದಿನ ಲೋಗೊ ಹಿಂದೆ. ಅದರ ಮೇಲೆ ದಪ್ಪ ಚೆಂಡು ಹೂವಿನ ಹಾರ. ಹಾರದಡಿ ಅಮ್ಮ ಬಳಿದ ಅರಿಶಿನ, ಒಣಗಿ ಚಕ್ಕೆ ಎದ್ದಿತ್ತು. ಹಾರ ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿದೆ. ಉಗುರಲ್ಲಿ ಕೆರೆಯಲಿಲ್ಲ, ಗೀರು ಬಿದ್ದರೆ ಇನ್ನೊಂದು ತಲೆನೋವು. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಹೋದ ಮೇಲೆ ದೀಪ ಆರಿತು. ಮಳೆಗಾಲದ ಕೆಸರಿಗೂ ಇದೇ ಮದ್ದು.

ಹಾರ ಈಗ ಹಿಂದೆ, ಡಿಕ್ಕಿ ಮೇಲಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.