ಕೊನೆ ಮನೆ ನಲ್ಲಿಗೆ ಕ್ಲೋರಿನ್ ಮುಟ್ಟಿಸಿದ್ದು: ಒಬ್ಬ ನೀರುಗಂಟಿಯ ಅನುಭವ

ನಾನು ಮಧುಗಿರಿ ಕಡೆಯ ಒಂದು ಹಳ್ಳಿಯ ನೀರುಗಂಟಿ. ಹದಿನಾರು ವರ್ಷದಿಂದ ಇದೇ ಕೆಲಸ. 220 ಮನೆ, ಸಾವಿರದ ಹತ್ತಿರ ಜನ, ಎರಡು ಬೋರು, 25,000 ಲೀಟರಿನ ಒಂದು ಓವರ್‌ಹೆಡ್ ಟ್ಯಾಂಕ್. ದಿನಕ್ಕೆ ಎರಡು ಸಲ ಟ್ಯಾಂಕ್ ತುಂಬಿಸ್ತೀನಿ. ಕಳೆದ ಎರಡು ಮಳೆಗಾಲದಲ್ಲಿ ನಮ್ಮೂರಲ್ಲಿ ನೀರಿನಿಂದ ವಾಂತಿ ಭೇದಿ ಅಂತ ಒಬ್ಬರೂ ಆಸ್ಪತ್ರೆ ಸೇರಿಲ್ಲ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲೇ ಇದೆ. ಇದು ಆಗಲ್ಲ ಅಂದವರು ಬಹಳ ಜನ. ಅದಕ್ಕೇ ಬರೀತಿದೀನಿ.

2022ರ ಜೂನ್‌ನಲ್ಲಿ ಮೊದಲ ಮಳೆ ಬಿದ್ದ ವಾರ ಮೂವತ್ತಕ್ಕಿಂತ ಜಾಸ್ತಿ ಜನ ಮಲಗಿದರು. ಜಾಸ್ತಿ ಕೆಳಗಿನ ಬೀದಿಯವರೇ. ದೇವರ ದಯೆ, ಯಾರ ಜೀವವೂ ಹೋಗಲಿಲ್ಲ. ಆದರೆ ಎಂಟು ವರ್ಷದ ಒಂದು ಹುಡುಗಿಗೆ ಮೂರು ದಿನ ಡ್ರಿಪ್ ಹಾಕಿದರು. ಅವರಪ್ಪ ನನ್ನ ಮುಂದೆ ನಿಂತು, "ನೀನು ಬಿಟ್ಟ ನೀರಲ್ವೇನಪ್ಪಾ?" ಅಂದ. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಆಗ ನಾನು ಮಾಡ್ತಿದ್ದುದೂ ಎಲ್ಲರೂ ಮಾಡೋದನ್ನೇ. ವಾರಕ್ಕೊಂದು ದಿನ ಟ್ಯಾಂಕ್ ಹತ್ತಿ ಒಂದು ಕೆಜಿ ಬ್ಲೀಚಿಂಗ್ ಪೌಡರ್ ಸುರಿದು ಇಳಿಯೋದು. ಆವತ್ತು ಊರಿಗೆಲ್ಲ ಘಾಟು. ಹೆಂಗಸರು ಕೊಡ ತೊಳೆದು ಚೆಲ್ಲೋರು, ಟೀ ಕೆಟ್ಟುಹೋಯ್ತು ಅನ್ನೋರು. ಮೂರನೇ ದಿನಕ್ಕೆ ನೀರಲ್ಲಿ ಕ್ಲೋರಿನ್ನೇ ಇರುತ್ತಿರಲಿಲ್ಲ. ಉಳಿದ ನಾಲ್ಕು ದಿನ ಬರೀ ಬೋರ್ ನೀರು. ಕಾಯಿಲೆ ಬಂದ ಮೇಲೆ ದಿನಾ ಸುರಿ ಅಂದರು. ದಿನಾ ಸುರಿದೆ. ಮೊದಲ ಐದು ನಿಮಿಷ ನಲ್ಲಿ ಹಿಡಿದವರಿಗೆ ಘಾಟು, ಆಮೇಲೆ ಹಿಡಿದವರಿಗೆ ಏನೂ ಇಲ್ಲ. ಪುಡಿ ತಳಕ್ಕೆ ಕೂತು ಸುಣ್ಣದ ಕೆಸರಾಯ್ತು, ಅಷ್ಟೇ.

ಪೌಡರ್ ಬಗ್ಗೆ ಒಂದು ಮಾತು. ಹೊಸ ಚೀಲದಲ್ಲಿ ನೂರಕ್ಕೆ 30ರ ಮೇಲೆ ಕ್ಲೋರಿನ್ ಇರುತ್ತೆ. ಬಾಯಿ ಬಿಚ್ಚಿ, ತೇವದ ಕೋಣೆಯಲ್ಲಿ ಎರಡು ತಿಂಗಳಿಟ್ಟರೆ ಅರ್ಧವೂ ಉಳಿಯಲ್ಲ. ನನಗೆ ಮೊದಲು ಕೊಟ್ಟ ಚೀಲ ಹೆಪ್ಪುಗಟ್ಟಿತ್ತು. ಮೂಗಿಗೆ ಹಿಡಿದರೂ ವಾಸನೆ ಇಲ್ಲ. ಅದನ್ನು ಎಷ್ಟು ಹಾಕಿದರೂ ಅಷ್ಟೇ. ಈಗ ಚೀಲ ಬಂದ ದಿನವೇ ಐದೈದು ಕೆಜಿ ದಪ್ಪ ಪ್ಲಾಸ್ಟಿಕ್ ಕವರಿಗೆ ತುಂಬಿ, ಗಾಳಿ ತೆಗೆದು, ಮುಚ್ಚಳದ ಡ್ರಮ್ಮಿನಲ್ಲಿಡ್ತೀನಿ. ಲೆಕ್ಕಕ್ಕೆ ನೂರಕ್ಕೆ 25 ಅಂತ ಹಿಡೀತೀನಿ.

ಲೀಟರಿಗೆ ಒಂದೂವರೆ ಮಿಲಿಗ್ರಾಂ ಕ್ಲೋರಿನ್ ಸೇರಿಸೋದು ಅಂದುಕೊಂಡೆ. ದಿನದ 50,000 ಲೀಟರಿಗೆ 75 ಗ್ರಾಂ ಆಯ್ತು, ಅಂದರೆ ಪೌಡರ್ 300 ಗ್ರಾಂ. ಹಾಕಬೇಕಾದ್ದು ಇಷ್ಟೇ. ಅದು ನೀರು ತುಂಬುವ ಅಷ್ಟೂ ಹೊತ್ತು ಸಣ್ಣಗೆ ಬೀಳ್ತಾ ಇರಬೇಕು.

ಪೌಡರ್ ಕಲಸಿದ ನೀರನ್ನು ಕ್ಯಾನಿನಿಂದ ಹನಿ ಹನಿಯಾಗಿ ಟ್ಯಾಂಕಿಗೆ ಬಿಡೋಕೆ ಮೊದಲು ಸಲೈನ್ ಸೆಟ್ ತಂದೆ. ಎರಡೇ ದಿನಕ್ಕೆ ಸುಣ್ಣ ಕಟ್ಟಿ ನಿಂತುಹೋಯ್ತು. ಹೀಗೆ ಆರೇಳು ಸೆಟ್ ಹಾಳು ಮಾಡಿದೆ. ಮೆಡಿಕಲ್ ಶಾಪಿನವನು ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಕೇಳೋಕೆ ಶುರು ಮಾಡಿದ. ಆಮೇಲೆ ಅಡಿಕೆ ತೋಟದ ಡ್ರಿಪ್‌ನ ಮೈಕ್ರೋಟ್ಯೂಬ್, ಅಂದರೆ ಸಣ್ಣ ಕೊಳವೆ, ಹಾಕಿದೆ. ಅದು ಕಟ್ಟಲಿಲ್ಲ. ಆದರೆ ಕ್ಯಾನ್ ತುಂಬಿದ್ದಾಗ ಜೋರಾಗಿ, ಖಾಲಿಯಾಗ್ತಾ ಬಂದ ಹಾಗೆ ನಿಧಾನವಾಗಿ ಬೀಳೋದು. ಬೆಳಗಿನ ನೀರಲ್ಲಿ ಘಾಟು, ಸಂಜೆ ನೀರಲ್ಲಿ ಏನೂ ಇಲ್ಲ.

ಇದಕ್ಕೆ ದಾರಿ ಸಿಕ್ಕಿದ್ದು ಫ್ಲಶ್ ಟ್ಯಾಂಕಿನ ಫ್ಲೋಟ್ ವಾಲ್ವ್‌ನಿಂದ. ದೊಡ್ಡ ಕ್ಯಾನಿನ ಕೆಳಗೆ ಐದು ಲೀಟರಿನ ಒಂದು ಚಿಕ್ಕ ಡಬ್ಬ. ಅದರೊಳಗೆ ಫ್ಲೋಟ್. ಡಬ್ಬದಲ್ಲಿ ನೀರಿನ ಮಟ್ಟ ಯಾವಾಗಲೂ ಒಂದೇ ಇರುತ್ತೆ, ಹಾಗಾಗಿ ಬೀಳೋದೂ ಒಂದೇ ಸಮ. ಪ್ಲಾಸ್ಟಿಕ್ ಫ್ಲೋಟೇ ಹಾಕಿ. ಹಿತ್ತಾಳೆದು ನನಗೆ ಒಂದೇ ತಿಂಗಳಲ್ಲಿ ಹಸಿರು ಹಿಡಿದು ಹೋಯ್ತು. ಎರಡು ದಿನಕ್ಕೆ 600 ಗ್ರಾಂ ಪೌಡರ್ 16 ಲೀಟರ್ ನೀರಿಗೆ ಕಲಸಿ, ರಾತ್ರಿ ಬಿಟ್ಟು, ಮೇಲಿನ ತಿಳಿ ಮಾತ್ರ ಬಸಿದುಕೊಳ್ತೀನಿ. ಬಿಸಿಲು ಬೀಳದ ಹಾಗೆ ಕ್ಯಾನಿಗೆ ಗೋಣಿ ಸುತ್ತಿದೀನಿ. 200 ಎಂಎಲ್ ಲೋಟ ಹಿಡಿದರೆ 13 ನಿಮಿಷಕ್ಕೆ ತುಂಬಬೇಕು. ನಿಮ್ಮ ಬೋರಿನ ನೀರು ನೋಡಿಕೊಂಡು ಲೆಕ್ಕ ಬದಲಾಯಿಸಿಕೊಳ್ಳಿ.

ಕ್ಯಾನ್ ಹೊತ್ತು ಏಣಿ ಹತ್ತೋದು ಕಷ್ಟ ಆಗ್ತಿತ್ತು. ನಮ್ಮ ಹಳೇ ಸೇದುವ ಬಾವಿಯ ರಾಟೆ ಸುಮ್ನೆ ಬಿದ್ದಿತ್ತು. ಅದನ್ನು ಟ್ಯಾಂಕಿನ ಮೇಲೆ ಕಟ್ಟಿ ಹಗ್ಗದಲ್ಲಿ ಎಳೀತೀನಿ. ನಮ್ಮಜ್ಜಿ ಆ ರಾಟೆಯಲ್ಲೇ ನೀರು ಸೇದಿದ್ದು.

ಮೋಟಾರ್ ನಿಂತರೆ ಹನಿಯೂ ನಿಲ್ಲಬೇಕು, ಶುರುವಾದರೆ ಅದೂ ಶುರುವಾಗಬೇಕು. ಇಲ್ಲದಿದ್ದರೆ ಕರೆಂಟ್ ಹೋದಾಗ ಟ್ಯಾಂಕಿಗೆ ಬರೀ ಕ್ಲೋರಿನ್ ಬೀಳುತ್ತೆ. ನಾನು ಕರೆಂಟ್ ಇಲ್ಲದೆ, ಬೋರ್ ನೀರಿನ ಭಾರದಲ್ಲೇ ಅದು ಆಗೋ ಹಾಗೆ ಮಾಡಿದೀನಿ. ಖರ್ಚು ನೂರು ರೂಪಾಯಿಯೂ ಇಲ್ಲ. ಹೇಗೆ ಅಂತ ಇಲ್ಲಿ ಬರೆಯಲ್ಲ. ನೋಡದೆ ಕಟ್ಟಿದರೆ ತಪ್ಪಾಗುತ್ತೆ. ಬಂದವರಿಗೆ ಟ್ಯಾಂಕಿನ ಮೇಲೇ ತೋರಿಸ್ತೀನಿ.

ಇಷ್ಟೆಲ್ಲ ಆದ ಮೇಲೆ ಗೆದ್ದೆ ಅಂದುಕೊಂಡೆ. ಟ್ಯಾಂಕಿನ ಬುಡದಲ್ಲಿ ಕ್ಲೋರೋಸ್ಕೋಪ್ (ಬಣ್ಣ ನೋಡಿ ಕ್ಲೋರಿನ್ ಅಳೆಯೋ ಕಿಟ್) ಹಿಡಿದರೆ ಒಳ್ಳೇ ಹಳದಿ, ಲೀಟರಿಗೆ ಒಂದು ಮಿಲಿಗ್ರಾಂ ಹತ್ತಿರ. ಕೆಳಗಿನ ಬೀದಿಯ ಕೊನೆ ಮನೆಗೆ ಹೋಗಿ ಹಿಡಿದೆ. ಬಣ್ಣವೇ ಇಲ್ಲ. ಆ ಮನೆಯಲ್ಲಿ ಅಜ್ಜಿ ಒಬ್ಬರೇ ಇರೋದು. ಅವರ ನಲ್ಲಿ ನೀರನ್ನೇ ಎಚ್‌ಟುಎಸ್ ಬಾಟ್ಲಿಗೆ (ನೀರಲ್ಲಿ ಹೊಲಸಿನ ರೋಗಾಣು ಇದ್ದರೆ ಕಪ್ಪಾಗೋ ಪರೀಕ್ಷೆ ಬಾಟ್ಲಿ) ಗೆರೆವರೆಗೆ ಹಾಕಿ ಕಿಟಕಿಯಲ್ಲಿಟ್ಟು ಬಂದೆ. ಮಾರನೇ ದಿನ ಹೋದಾಗ ಕಾಡಿಗೆ ಹಾಗೆ ಕಪ್ಪಗಾಗಿತ್ತು. ಅಜ್ಜಿ ಅದನ್ನು ಸೆರಗಲ್ಲಿ ಹಿಡಿದು ತಂದು ಕೊಟ್ಟರು. "ಇದನ್ನೇ ಏನೋ ಮಗ ನಾನು ಕುಡೀತಿರೋದು?" ಅಂದರು. ಆವತ್ತಿಂದ ಟ್ಯಾಂಕಿನ ಬುಡದಲ್ಲಿ ನೋಡಿ ಬರೆಯೋದನ್ನ ಬಿಟ್ಟೆ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹೇಳೋ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಅಜ್ಜಿ ಮನೆ ನಲ್ಲಿಯಲ್ಲಿ ಬರಬೇಕು. ಅಲ್ಲಿ ಬಂದರೆ ಮಾತ್ರ ನನ್ನ ಲೆಕ್ಕಕ್ಕೆ ಬಂದ ಹಾಗೆ.

ಕ್ಲೋರಿನ್ ಎಲ್ಲಿ ಹೋಗ್ತಿದೆ ಅಂತ ಹುಡುಕೋಕೆ ಎರಡು ತಿಂಗಳು ಹಿಡೀತು. ಪೈಪ್ ಒಡೆದಿರಬೇಕು ಅಂತ ಮೂರು ಕಡೆ ಅಗೆಸಿದೆ. ಕೂಲಿ 4,000 ಹೋಯ್ತು. ಏನೂ ಸಿಗಲಿಲ್ಲ. ಒಂದು ಬೆಳಿಗ್ಗೆ ವಾಲ್ವ್ ಮುಚ್ಚಿ ದಿಬ್ಬದ ಬೀದಿಯಲ್ಲಿ ಬರ್ತಿದ್ದೆ. ನಲ್ಲಿ ಗುಂಡಿಯೊಂದರಿಂದ ಸುಯ್ ಅಂತ ಶಬ್ದ. ಬಗ್ಗಿ ನಲ್ಲಿ ಬಾಯಿಗೆ ಅಂಗೈ ಇಟ್ಟೆ. ಅಂಗೈ ಒಳಕ್ಕೆ ಎಳೀತು!

ನಿಮಗೆ ಗೊತ್ತಿರೋದೇ, ದಿಬ್ಬದ ಮೇಲೆ ನೀರು ಏರಲ್ಲ ಅಂತ ಜನ ಎರಡು ಮೂರು ಅಡಿ ಗುಂಡಿ ತೋಡಿ ನಲ್ಲಿ ಕೆಳಗಿಳಿಸಿರ್ತಾರೆ. ಗುಂಡಿಯಲ್ಲಿ ಪಾತ್ರೆ ತೊಳೆದ ನೀರು, ಮಳೆ ನೀರು, ಪಕ್ಕದ ಚರಂಡಿ ನೀರು ಎಲ್ಲ ನಿಲ್ಲುತ್ತೆ. ನಾನು ವಾಲ್ವ್ ಮುಚ್ಚಿದ ಕೂಡಲೇ ಪೈಪಿನಲ್ಲಿ ಉಳಿದ ನೀರು ತಗ್ಗಿಗೆ ಇಳಿಯುತ್ತೆ. ಇಳಿಯುವಾಗ ಮೇಲಿನ ನಲ್ಲಿಗಳಿಂದ ಗುಂಡಿ ನೀರನ್ನು ಎಳ್ಕೊಂಡು ಹೋಗುತ್ತೆ. ಆ ಕೊಳೆಯೇ ಕ್ಲೋರಿನ್ ತಿಂದುಹಾಕ್ತಿತ್ತು. ಮಳೆ ಬಿದ್ದ ವಾರ ಕೆಳಗಿನ ಬೀದಿಯವರೇ ಯಾಕೆ ಮಲಗಿದ್ದು ಅಂತ ನನಗೆ ಆಗ ಅರ್ಥವಾಯ್ತು.

ಪಂಚಾಯ್ತಿಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ನಲ್ಲಿ ನೀರು ಬಿಡುತ್ತೆ, ಕುಡಿಯುತ್ತಾ ಅಂದರು. ಮಾರನೇ ದಿನ ಮೆಂಬರುಗಳನ್ನು ದಿಬ್ಬದ ಬೀದಿಗೆ ಕರೆದೆ. ಒಂದು ನಲ್ಲಿಗೆ ಮೊಳದುದ್ದ ಹೋಸ್ ಹಾಕಿ, ಅದರ ತುದಿಯನ್ನು ಶುದ್ಧ ಕುಡಿಯುವ ನೀರಿನ ಘಟಕದ (ಆರ್‌ಒ ಫಿಲ್ಟರ್) ನೀರು ತುಂಬಿದ ಚೊಂಬಿನಲ್ಲಿ ಅದ್ದಿ ಹಿಡಿದೆ. ಹುಡುಗನಿಗೆ ವಾಲ್ವ್ ಮುಚ್ಚಲು ಫೋನ್ ಮಾಡಿದೆ. ಎಲ್ಲರ ಕಣ್ಣೆದುರಿಗೇ ಚೊಂಬು ಖಾಲಿಯಾಯ್ತು. ಆಮೇಲೆ ಯಾರೂ ವಾದ ಮಾಡಲಿಲ್ಲ. ದುಡ್ಡು ಮಾತ್ರ ತಕ್ಷಣ ಬರಲಿಲ್ಲ, ಅದಕ್ಕೆ ಏಳು ತಿಂಗಳು ಕಾದೆ.

ಗುಂಡಿ ಮುಚ್ಚಿ ಅಂದರೆ ಮುಚ್ಚಲ್ಲ. ನೀರು ಏರಿದರೆ ಅವರೇ ಮುಚ್ತಾರೆ. ಹಾಗಾಗಿ ಊರನ್ನು ಮೂರು ಭಾಗ ಮಾಡಿ ಎರಡು ಹೊಸ ಗೇಟ್ ವಾಲ್ವ್ ಹಾಕಿಸಿದೆ. ದಿಬ್ಬದ ಬೀದಿಗೆ ಟ್ಯಾಂಕ್ ತುಂಬಿದ್ದಾಗಲೇ, ಮೊದಲು, ಒಂದಕ್ಕೇ ನೀರು. ವಾಲ್ವ್, ಪೈಪು, ಕೂಲಿ ಎಲ್ಲ ಸೇರಿ 18,000 ಆಸುಪಾಸು. ಅದರಲ್ಲಿ 6,000 ನನ್ನ ಕೈಯಿಂದ ಹಾಕಿದ್ದು, 4,000 ವಾಪಸ್ ಬಂತು. ನಲ್ಲಿಗೇ ಮೋಟಾರ್ ಇಟ್ಟು ಎಳೆಯೋರು ಹದಿನೇಳು ಮನೆ ಇದ್ದರು. ಅದೂ ಗುಂಡಿಯಷ್ಟೇ ಕೆಟ್ಟದ್ದು, ಪಕ್ಕದ ನಲ್ಲಿಯಿಂದ ಕೊಳೆ ಎಳೆಯುತ್ತೆ. ಜಗಳ ಆಡಿ ಒಂದನ್ನೂ ಬಿಚ್ಚಿಸೋಕೆ ಆಗಲಿಲ್ಲ. ಆಮೇಲೆ ಜಗಳವಿಲ್ಲದೆ ಹದಿನೈದು ಬಿಚ್ಚಿದವು. ಅದು ಹೇಗಾಯ್ತು ಅನ್ನೋದನ್ನೂ ಬರೆಯಲ್ಲ, ಊರಿನ ವಿಷಯ.

ದಿಬ್ಬದ ಮೇಲೆ ಮೂರಡಿ ಎತ್ತರಕ್ಕೆ ನೀರು ಬಂದ ಮೇಲೆ ಒಬ್ಬೊಬ್ಬರೇ ನಲ್ಲಿ ಏರಿಸಿಕೊಂಡರು. 40 ಗುಂಡಿಯಲ್ಲಿ ಈಗ ಐದೋ ಆರೋ ಉಳಿದಿವೆ. ಅಜ್ಜಿ ಮನೆಯಲ್ಲಿ ಮೊದಲ ಸಲ ತಿಳಿ ಹಳದಿ ಬಂದ ದಿನ ಟ್ಯೂಬನ್ನು ಅವರ ಬಿಳಿ ಸೀರೆಯ ಮುಂದೆ ಹಿಡಿದು ಎರಡೆರಡು ಸಲ ನೋಡಿದೆ. 0.2 ಇತ್ತು. ಈಗ 0.2, 0.3ರಲ್ಲೇ ಇರುತ್ತೆ. ಘಾಟು ಅಂತ ಯಾರೂ ಹೇಳಲ್ಲ. ಪೌಡರ್ ಖರ್ಚು ತಿಂಗಳಿಗೆ 400 ದಾಟಲ್ಲ. ಮನೆಗೆ ಎರಡು ರೂಪಾಯಿಯೂ ಬೀಳಲ್ಲ.

ಹಲ್ಲು, ಮೂಳೆ ಕೆಡಿಸೋ ಫ್ಲೋರೈಡ್ ಬಗ್ಗೆಯೂ ಕೇಳ್ತಾರೆ. ಕ್ಲೋರಿನ್‌ನಿಂದ ಫ್ಲೋರೈಡ್ ಹೋಗಲ್ಲ, ಕುದಿಸಿದರೂ ಹೋಗಲ್ಲ. ಕುದಿಸಿ ಬತ್ತಿಸಿದರೆ ಇನ್ನೂ ಜಾಸ್ತಿಯೇ ಆಗುತ್ತೆ. ನಮ್ಮ ಶಾಲೆ ಬೋರಿನಲ್ಲಿ ಲ್ಯಾಬಿನವರು ಲೀಟರಿಗೆ 1.9 ಮಿಲಿಗ್ರಾಂ ಅಂತ ಕೊಟ್ಟಿದ್ದರು. ತೋಟದ ದಾರಿಯ ಬೋರಿನಲ್ಲಿ 0.8. ಮಿತಿ ಒಂದು, ಬೇರೆ ನೀರು ಇಲ್ಲದಿದ್ದರೆ ಒಂದೂವರೆ. ಎರಡನ್ನೂ ಸಮಸಮ ಟ್ಯಾಂಕಿಗೆ ಬಿಟ್ಟೆ. ಹೆಚ್ಚುಕಮ್ಮಿ 1.35ಕ್ಕೆ ಬಂತು. ಬೇಸಿಗೆಯಲ್ಲಿ ತೋಟದ ಬೋರು ಸೋಲುತ್ತೆ, ಆಗ ಒಂದೂವರೆ ದಾಟುತ್ತೆ. ಅಂಥ ದಿನ ಮಕ್ಕಳಿರೋ ಮನೆಗೆ ನಾನೇ ಹೋಗಿ ಕುಡಿಯೋಕೆ ಘಟಕದ ನೀರು ತನ್ನಿ ಅಂತೀನಿ.

ಮಳೆ ನೀರು ಇಂಗಿಸಿದರೆ ಫ್ಲೋರೈಡ್ ಇಳಿಯುತ್ತೆ ಅಂತ ಶಾಲೆ ಬೋರಿನ ಕೇಸಿಂಗ್ ಸುತ್ತ ಗುಂಡಿ ತೆಗೆದು ಜಲ್ಲಿ ಮರಳು ತುಂಬಿಸಿದ್ದೆ. ಅದು ದೊಡ್ಡ ತಪ್ಪು. ಮೊದಲ ಜೋರು ಮಳೆಗೇ ಬೋರಿನಲ್ಲಿ ಕೆಮ್ಮಣ್ಣು ನೀರು ಬಂತು, ಬಾಟ್ಲಿ ಹನ್ನೆರಡೇ ಗಂಟೆಯಲ್ಲಿ ಕಪ್ಪಾಯ್ತು. ನಾಲ್ಕು ದಿನ ಆ ಬೋರು ನಿಲ್ಲಿಸಿ, ಕ್ಲೋರಿನ್ ಹುಯ್ದು, ನೀರೆಲ್ಲ ಹೊರಗೆ ಬಿಟ್ಟೆ. ಕುಡಿಯುವ ಬೋರಿನ ಬುಡದಲ್ಲಿ ಇಂಗುಗುಂಡಿ ಮಾಡಬೇಡಿ. ಈಗ ದೂರದ ಬತ್ತಿದ ಬೋರಿಗೆ ಬಿಟ್ಟಿದೀನಿ. ಫ್ಲೋರೈಡ್ ಇಳಿದಿದೆ ಅಂತ ಹೇಳೋ ಹಾಗೆ ಇನ್ನೂ ಏನೂ ಕಂಡಿಲ್ಲ.

ಘಟಕದ ನೀರಿನ ಮೇಲೂ ಒಂದು ಪರೀಕ್ಷೆ ಮಾಡಿದೆ. ಐದು ಮನೆಯ 20 ಲೀಟರ್ ಕ್ಯಾನಿನಿಂದ ಐದು ಬಾಟ್ಲಿ, ಅದೇ ಮನೆಗಳ ನಲ್ಲಿಯಿಂದ ಐದು. ಕ್ಯಾನಿನವು ಮೂರು ಕಪ್ಪಾದವು. ನಲ್ಲಿಯದು ಒಂದೂ ಆಗಲಿಲ್ಲ. ಆರ್‌ಒ ನೀರಲ್ಲಿ ಕ್ಲೋರಿನ್ ಇರಲ್ಲ, ಕ್ಯಾನಿನೊಳಗೆ ಕೈ ಹಾಕಿದರೆ ಲೋಳೆ. ನಲ್ಲಿ ನೀರು ಮುಟ್ಟಲ್ಲ ಅಂತಿದ್ದ ಒಬ್ಬ ಮೇಷ್ಟ್ರು ಆ ಹತ್ತು ಬಾಟ್ಲಿ ಸಾಲಾಗಿಟ್ಟು ಫೋಟೋ ತಗೊಂಡು ಹೋದರು.

ಇನ್ನೂ ಎರಡು ಕೆಲಸ ಬಾಕಿ ಇವೆ. ಉಳಿದ ಗುಂಡಿಗಳು, ಮತ್ತೆ ಮೋಟಾರ್ ಬಿಚ್ಚದ ಆ ಎರಡು ಮನೆ. ಟ್ಯಾಂಕನ್ನು ತಿಂಗಳ ಮೊದಲ ಭಾನುವಾರ ತೊಳೀತೀನಿ. ಕಟ್ಟಿರೋದನ್ನು ನೋಡಬೇಕು ಅನ್ನೋ ನೀರುಗಂಟಿಗಳು ಆವತ್ತು ಬೆಳಿಗ್ಗೆ ಆರಕ್ಕೆ ಬನ್ನಿ. 200 ಎಂಎಲ್ ಲೋಟ ಒಂದು ತನ್ನಿ.