ಶನಿವಾರ ಪಾತ್ರೆ ಯಾರದು? ಪುಣೆಗೆ ಹೊಸದಾಗಿ ಬಂದವರಿಗೆ

ಪುಣೆಯಲ್ಲಿ ಗೆಳೆಯರು ಕೂಡಿ ಮಾಡಿದ ಮನೆ ಬಾಡಿಗೆ ಹೆಚ್ಚಾಯಿತೆಂದು ಒಡೆದದ್ದನ್ನು ನಾನು ಅಷ್ಟಾಗಿ ನೋಡಿಲ್ಲ. ಸಿಂಕಿನಲ್ಲಿ ಉಳಿದ ಪಾತ್ರೆಗಾಗಿ ಒಡೆದ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಧಾರವಾಡದಲ್ಲಿ ಒಂದೇ ಹಾಸ್ಟೆಲಿನಲ್ಲಿ ಓದಿದವರು, ಒಬ್ಬರ ಅಂಗಿ ಇನ್ನೊಬ್ಬರು ಹಾಕಿಕೊಂಡು ಓಡಾಡಿದವರು, ವಾಕಡದಲ್ಲಿ ಫ್ಲ್ಯಾಟ್ ಹಿಡಿದ ವರ್ಷದೊಳಗೆ ಮಾತು ಬಿಟ್ಟಿದ್ದಾರೆ. ಯಾಕೆ ಅಂತ ಕೇಳಿದರೆ ಹೇಳಲು ಇಬ್ಬರಿಗೂ ನಾಚಿಕೆ. ಕುಕ್ಕರ್ ತೊಳೆಯಲಿಲ್ಲ, ಬಾಲ್ಕನಿಯ ಬಟ್ಟೆ ಒಳಗೆ ತರಲಿಲ್ಲ. ಪರ ಊರಿನಲ್ಲಿ ಅಣ್ಣ, ಅತ್ತೆ, ಪಕ್ಕದ ಮನೆಯವರು ಎಲ್ಲಾ ಆ ಗೆಳೆಯನೇ. ಅವನನ್ನು ಒಂದು ಕುಕ್ಕರಿಗಾಗಿ ಕಳೆದುಕೊಳ್ಳಬಾರದು, ಅಲ್ವಾ?

ಕಾಗದಪತ್ರದ್ದು ಬೇಗ ಹೇಳಿಬಿಡುತ್ತೇನೆ. 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಇಲ್ಲಿನ ಬಾಡಿಗೆ ಪತ್ರ, ನೋಂದಣಿ ಆಗಿರಲಿ, ಮನೆಯಲ್ಲಿ ಇರುವ ಎಲ್ಲರ ಹೆಸರೂ ಅದರಲ್ಲಿ ಬರಲಿ, ಬಾಡಿಗೆದಾರರ ಮಾಹಿತಿ ಪೊಲೀಸರಿಗೆ ಹೋಗಲಿ. ಸಾಕು.

ಇನ್ನು ಕೆಲಸ ಹಂಚಿಕೊಳ್ಳುವ ಮಾತು. ಹೊಸಬರು ಮೊದಲು ಮಾಡುವುದು ಫ್ರಿಜ್ಜಿನ ಮೇಲೆ ಚಾರ್ಟ್ ಅಂಟಿಸುವುದು. ಸೋಮವಾರ ನೀನು, ಮಂಗಳವಾರ ನಾನು. ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಈ ಚಾರ್ಟ್ ಎರಡು ವಾರ ನಡೆದರೆ ಹೆಚ್ಚು. ಒಬ್ಬರಿಗೆ ರಾತ್ರಿ ಶಿಫ್ಟ್, ಇನ್ನೊಬ್ಬರು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ಮನೆ ಸೇರುವಾಗ ಹತ್ತು ಗಂಟೆ. ಒಂದು ದಿನ ತಪ್ಪಿತೆಂದರೆ ಆಮೇಲೆ ಯಾರ ಬಾಕಿ ಎಷ್ಟು ಎಂಬ ಲೆಕ್ಕ ಶುರು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸೋಮವಾರದವನು ಮೀನು ಹುರಿದು ಕಾವಲಿಯನ್ನು ಮಂಗಳವಾರದವನಿಗೆ ಬಿಡುತ್ತಾನೆ. ಅವನ ದಿನ ಮುಗಿಯಿತಲ್ಲ!

ನಾವು ಹುಡುಗಿಯರು ಕೂಡಿ ಕರ್ವೆನಗರದಲ್ಲಿ ಇದ್ದಾಗ ಬೇರೆ ದಾರಿ ಹಿಡಿದೆವು. ದಿನವನ್ನು ಹಂಚುವುದು ಬಿಟ್ಟು ಕೆಲಸವನ್ನು ಹಂಚಿದೆವು. ತಿಂಗಳಿಗೊಬ್ಬರಿಗೆ ಒಂದು ಕೆಲಸ, ಬುಡದಿಂದ ತುದಿಯ ತನಕ ಅವರದೇ. ಸಂತೆ ಯಾರದೋ ಅವರೇ ಪಟ್ಟಿ ಬರೆಯಬೇಕು, ತರಬೇಕು, ಸೊಪ್ಪು ಸೋಸಬೇಕು, ಡಬ್ಬಿಗೆ ತುಂಬಬೇಕು. ಆಗ ನಾಲ್ಕು ಕಟ್ಟು ಮೆಂತ್ಯ ಅಗ್ಗವಾಗಿ ಸಿಕ್ಕಿತೆಂದು ಹೊತ್ತುಕೊಂಡು ಬರುವವಳು ಸೋಸುವುದನ್ನು ನೆನೆದು ಎರಡೇ ಕಟ್ಟು ತರುತ್ತಾಳೆ. ಅಡುಗೆ ಯಾರದೋ ಕಟ್ಟೆ ಒರೆಸುವವರೆಗೂ ಅವರದೇ. ತಾನು ಮಾಡಿದ ರಾಡಿ ತನ್ನ ಕೈಗೇ ಬಂದಾಗ ಯಾರೂ ಹೇಳದೆಯೇ ಮನುಷ್ಯ ತಿದ್ದಿಕೊಳ್ಳುತ್ತಾನೆ. ತಿಂಗಳು ಮುಗಿದ ಮೇಲೆ ಕೆಲಸ ಬದಲಾಗಲಿ. ಇಲ್ಲದಿದ್ದರೆ ಚೆನ್ನಾಗಿ ಅಡುಗೆ ಮಾಡುವವರು ಜೀವನವಿಡೀ ಅಡುಗೆಯಲ್ಲೇ ಉಳಿಯುತ್ತಾರೆ.

ಶುಕ್ರವಾರ ಸಂಜೆಯೇ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಓಡಿ ಬೆಳಗಾವಿಯೋ ಹುಬ್ಬಳ್ಳಿಯೋ ಬಸ್ಸು ಹತ್ತುವವರದು ಬೇರೆ ಕಥೆ. 2024ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲೂ ಶುರುವಾಗಿದೆ. ಊರು ಇನ್ನೂ ಹತ್ತಿರವಾಯಿತು, ಸಂತೋಷವೇ. ಆದರೆ ಶನಿವಾರ, ಭಾನುವಾರ ನಾನು ಇರುವುದೇ ಇಲ್ಲ, ನನಗ್ಯಾಕೆ ಕೆಲಸ ಎನ್ನುವ ಮಾತು ನ್ಯಾಯವಲ್ಲ. ಸೋಮವಾರ ಬೆಳಿಗ್ಗೆ ಶೇಂಗಾ ಚಟ್ನಿ, ಕಟಕ ರೊಟ್ಟಿಯ ಚೀಲ ತಂದಿಟ್ಟರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಆ ರೊಟ್ಟಿ ಮಾಡಿದ್ದು ಅವರ ತಾಯಿ. ಅವರಿಗೆ ವಾರದ ನಡುವಿನ ಕೆಲಸ ಕೊಡಿ. ಕಸ, ಬಿಲ್ಲು, ಗ್ಯಾಸು, ನೀರಿನ ಜವಾಬ್ದಾರಿ. ಜೊತೆಗೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪ್ರತಿ ವಾರ ಊರಿಗೆ ಹೋಗುವವರಿಗೆ ಈ ಊರು ಎಷ್ಟು ವರ್ಷವಾದರೂ ಆಫೀಸಾಗಿಯೇ ಉಳಿಯುತ್ತದೆ. ತಿಂಗಳಲ್ಲಿ ಎರಡು ಭಾನುವಾರವಾದರೂ ಇಲ್ಲಿ ನಿಲ್ಲಿ.

ನೀರಿನ ವಿಷಯ ಗೊತ್ತಿಲ್ಲದೆ ಹೊಸಬರು ಬಹಳ ಒದ್ದಾಡುತ್ತಾರೆ. ಪುಣೆ ಮಹಾನಗರಪಾಲಿಕೆ ದುರಸ್ತಿಗೆಂದು ನೀರು ನಿಲ್ಲಿಸುವುದು ಸಾಮಾನ್ಯವಾಗಿ ಗುರುವಾರ. ಶುಕ್ರವಾರ ಬೆಳಿಗ್ಗೆಯೂ ನಲ್ಲಿ ಸಣ್ಣಗೇ ಬರುತ್ತದೆ. ಪಕ್ಕದ ಪಿಂಪ್ರಿ ಚಿಂಚವಾಡ ಪಾಲಿಕೆಯಲ್ಲಿ 2019ರ ನವೆಂಬರ್‌ನಲ್ಲಿ ದಿನ ಬಿಟ್ಟು ದಿನ ನೀರು ಕೊಡುವುದು ಶುರುವಾಯಿತು. ವಾಕಡ ಆ ಪಾಲಿಕೆಗೇ ಸೇರಿದ್ದು. ಹಾಗಾಗಿ ವಾರದ ಬಟ್ಟೆಯನ್ನೆಲ್ಲ ಗುಡ್ಡೆ ಹಾಕಿ ಶನಿವಾರಕ್ಕೆ ಇಡಬೇಡಿ. ಇಡೀ ಸೊಸೈಟಿ ಅವತ್ತೇ ಮಷೀನ್ ಹಾಕುತ್ತದೆ, ಮಧ್ಯಾಹ್ನಕ್ಕೆ ಟ್ಯಾಂಕ್ ಖಾಲಿ. ಹಾಸಿಗೆ ಹೊದಿಕೆ ಮಂಗಳವಾರವೇ ಆಗಲಿ. ಮಳೆಗಾಲದಲ್ಲಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಆಗ ಒಣಗಿಸುವ ಹಗ್ಗವನ್ನೂ ಹಂಚಿಕೊಳ್ಳಬೇಕು, ಇವತ್ತು ಇಬ್ಬರದು, ನಾಳೆ ಇನ್ನಿಬ್ಬರದು.

ಕಸ ಒಣದ್ದು ಬೇರೆ, ಹಸಿಯದ್ದು ಬೇರೆ. ಪುಣೆಯ ಬಹಳ ಕಡೆ ಮನೆ ಬಾಗಿಲಿಗೆ ಬಂದು ಕಸ ಒಯ್ಯುವವರು ಸ್ವಚ್ಛ್ ಎಂಬ ಸಹಕಾರಿ ಸಂಘದವರು. ಕಸ ಆಯ್ದು ಬದುಕುತ್ತಿದ್ದ ಹೆಂಗಸರೇ ಕೂಡಿ ಕಟ್ಟಿದ ಸಂಘ ಅದು. ಅವರು ಬರಿಗೈಯಲ್ಲಿ ಕಸ ಬೇರೆ ಮಾಡುತ್ತಾರೆ ಎಂಬುದು ನೆನಪಿರಲಿ. ಒಡೆದ ಗಾಜು, ಪ್ಯಾಡು, ಡೈಪರ್ ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಮೇಲೆ ಒಂದು ಕೆಂಪು ಚುಕ್ಕೆ ಹಾಕಿ. ಅವರೇ ಈ ಚುಕ್ಕೆಯ ಪದ್ಧತಿ ತಂದವರು. ಕೆಂಪು ಚುಕ್ಕೆ ಕಂಡರೆ ಅವರು ಬಿಚ್ಚಿ ನೋಡುವುದಿಲ್ಲ.

ಮನೆಗೆಲಸಕ್ಕೆ ಬರುವವರನ್ನು ಇಲ್ಲಿ ಮಾವಶಿ ಎಂದು ಕರೆಯುತ್ತಾರೆ. ನಾಲ್ಕು ಹುಡುಗರ ಮನೆಯಲ್ಲಿ ಮಾವಶಿಗೆ ನಾಲ್ಕು ಯಜಮಾನರು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿರುಗಿಸುತ್ತಾನೆ, ಸಂಬಳ ಯಾರು ಕೊಡಬೇಕೆಂದು ಹತ್ತನೇ ತಾರೀಖಿನವರೆಗೆ ತೀರ್ಮಾನವಾಗುವುದಿಲ್ಲ. ಇದು ನನಗೆ ಸ್ವಲ್ಪವೂ ಹಿಡಿಸದ ವಿಷಯ. ಅವರೊಂದಿಗೆ ಮಾತಾಡಲು ಒಬ್ಬರನ್ನು ಗೊತ್ತು ಮಾಡಿ. ಒಂದನೇ ತಾರೀಖಿಗೆ ಸಂಬಳ, ಸಂಬಳ ಕಡಿಯದ ರಜೆ, ದೀಪಾವಳಿಗೆ ಒಂದು ತಿಂಗಳ ಬೋನಸ್. ಪುಣೆಯಲ್ಲಿ ಮನೆಗೆಲಸದ ಹೆಂಗಸರು ದಶಕಗಳಿಂದ ಸಂಘಟನೆ ಮಾಡಿ ಇದನ್ನೆಲ್ಲ ಕೇಳಿ ಪಡೆದಿದ್ದಾರೆ. ಅವರಿಗಾಗಿ ಕಲ್ಯಾಣ ಮಂಡಳಿಯ ಕಾನೂನನ್ನು ಮಹಾರಾಷ್ಟ್ರ 2008ರಲ್ಲೇ ತಂದಿದೆ. ಊರಲ್ಲಿ ಅಮ್ಮ ಕೊಡುತ್ತಿದ್ದಂತೆ ಹಳೇ ಸೀರೆ, ಮಿಕ್ಕ ಅನ್ನ ಕೊಟ್ಟು ಮುಗಿಸುವ ಅಭ್ಯಾಸವನ್ನು ಊರಲ್ಲೇ ಬಿಟ್ಟು ಬನ್ನಿ.

ಸಂತೆಯ ಕೆಲಸವನ್ನು ಒಂದೇ ಮನೆಗೆ ಇಡದೆ ಎರಡು ಮೂರು ಮನೆಯವರು ಸೇರಿ ಮಾಡಿದರೆ ಚೆನ್ನ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಭಾನುವಾರ ಮಾಲು ಜಾಸ್ತಿ ಬರುತ್ತದೆ, ಜನವೂ ಜಾಸ್ತಿ. ಈರುಳ್ಳಿ, ಆಲೂಗಡ್ಡೆ ಚೀಲದ ಲೆಕ್ಕದಲ್ಲಿ ತಂದು ಯಾರದಾದರೂ ಪಾರ್ಕಿಂಗ್‌ನಲ್ಲಿ ತಕ್ಕಡಿ ಇಟ್ಟು ಪಾಲು ಮಾಡಿ. ಸುಮ್ನೆ ನೋಡಲಿಕ್ಕಾದರೂ ಒಮ್ಮೆ ಮಹಾತ್ಮಾ ಫುಲೆ ಮಂಡಈ ಮಾರುಕಟ್ಟೆಗೆ ಹೋಗಬೇಕು, ಬ್ರಿಟಿಷರ ಕಾಲದ ಆ ಕಲ್ಲಿನ ಕಟ್ಟಡದಲ್ಲಿ ಇವತ್ತೂ ಸೊಪ್ಪು ಮಾರುತ್ತಾರೆ. ಪೇಠೆಗಳ, ಅಂದರೆ ಹಳೇ ಪುಣೆಯ ಕೇರಿಗಳ, ಹಳೇ ಅಂಗಡಿಗಳಿಗೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹೋಗಬೇಡಿ, ಬಾಗಿಲು ಹಾಕಿರುತ್ತಾರೆ. ಉತ್ತರ ಕರ್ನಾಟಕದವರಿಗೆ ಜೋಳದ ಹಿಟ್ಟಿನ ಚಿಂತೆಯೇ ಇಲ್ಲ. ರಾಗಿ ಬೇಕಾದರೆ ನಾಚಣಿ ಅಂತ ಕೇಳಿ. ಬ್ಯಾಡಗಿ ಮೆಣಸಿನಕಾಯಿ ಅದೇ ಹೆಸರಿನಲ್ಲಿ ಸಿಗುತ್ತದೆ.

ಇನ್ನೊಂದು ಮಾತನ್ನು ಸಿಟ್ಟಿನಿಂದಲೇ ಹೇಳುತ್ತೇನೆ. ಮದುವೆಯಾದ ಮೇಲೆ ಅದೇ ಗೆಳೆಯರು ಭಾನುವಾರ ಒಂದು ಮನೆಯಲ್ಲಿ ಸೇರುತ್ತಾರೆ. ಹೆಂಗಸರು ಅಡುಗೆಮನೆಗೆ, ಗಂಡಸರು ಹಾಲಿಗೆ, ಕ್ರಿಕೆಟ್ ಮುಂದೆ. ಒಟ್ಟಿಗೆ ಇದ್ದ ಕಾಲದಲ್ಲಿ ಇವರೇ ಅಲ್ವಾ ಚಪಾತಿ ಲಟ್ಟಿಸಿದ್ದು, ಕುಕ್ಕರ್ ಉಜ್ಜಿದ್ದು? ತಾಳಿ ಕಟ್ಟಿದ ಕೂಡಲೇ ಕೈಗೆ ಆ ಕೆಲಸ ಮರೆತುಹೋಯಿತೇ? ಬೆಳಿಗ್ಗೆಯಿಂದ ನಿಂತು ಹದಿನೈದು ಜನಕ್ಕೆ ರೊಟ್ಟಿ ಬಡಿದ ಹೆಣ್ಣುಮಗಳು ಸಂಜೆ ಮನೆಗೆ ಹೋಗಿ ಮುಂದಿನ ವಾರ ಬೇಡ ಎನ್ನುತ್ತಾಳೆ. ಹೀಗೆ ಎಷ್ಟೋ ಒಳ್ಳೆಯ ಕೂಟಗಳು ನಿಂತುಹೋಗಿವೆ. ಗಂಡಸರು ನೇರವಾಗಿ ಕೆಲಸಕ್ಕೆ ಇಳಿಯಬೇಕು. ಏನಾದರೂ ಸಹಾಯ ಬೇಕಾ ಎಂದು ಬಾಗಿಲಲ್ಲಿ ನಿಂತು ಕೇಳಿದ್ದು ಲೆಕ್ಕಕ್ಕಿಲ್ಲ. ನಮ್ಮ ಗುಂಪಿನಲ್ಲಿ ಈಗ ಊಟದ ನಂತರದ್ದೆಲ್ಲ ಗಂಡಸರದು. ಪಾತ್ರೆ, ನೆಲ, ಉಳಿದದ್ದನ್ನು ಡಬ್ಬಿಗೆ ತುಂಬಿ ಮನೆ ಮನೆಗೆ ಹಂಚುವುದು. ಅದನ್ನು ನೋಡಿಯೇ ನಮ್ಮ ಹುಡುಗರು ತಟ್ಟೆ ತೊಳೆಯಲು ಕಲಿತಿದ್ದಾರೆ.

ಮಕ್ಕಳ ಮಾತು ಬಂತು. ಶಾಲೆಯಲ್ಲಿ ಮರಾಠಿ, ಇಂಗ್ಲಿಷು. ಆಟದಲ್ಲಿ ಹಿಂದಿ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದರೆ ಕನ್ನಡ ಕಿವಿಗೆ ಬೀಳುವುದು ಬಾ, ಏಳು, ಉಣ್ಣು, ಮಲಗು ಎಂಬಷ್ಟೇ. ಅಷ್ಟರಲ್ಲಿ ಮಾತು ಬೆಳೆಯುವುದಿಲ್ಲ. ದೊಡ್ಡವರು ಕೈಯಲ್ಲಿ ಕೆಲಸ ಹಿಡಿದು ಸುತ್ತ ಕೂತಾಗ ಬರುವ ಮಾತೇ ಬೇರೆ. ಕಿಚಾಯಿಸುತ್ತಾರೆ, ಜಗಳ ಆಡುತ್ತಾರೆ, ಸತ್ತುಹೋದ ಅಜ್ಜನ ಸುದ್ದಿ ತೆಗೆಯುತ್ತಾರೆ. ಕುಂದಾಪುರದವಳ ಮಾತು, ಗದಗಿನವನ ಮಾತು, ಮೈಸೂರಿನವರ ಮಾತು ಎಲ್ಲಾ ಒಂದೇ ಕೋಣೆಯಲ್ಲಿ ಕೇಳಿಸುತ್ತದೆ. ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಶಾಲೆ ಇದೆ, ಕನ್ನಡ ಸಂಘವಿದೆ. ಹೋಗಿ, ಪರಿಚಯ ಮಾಡಿಕೊಳ್ಳಿ. ಆದರೆ ಸಂಘದ ಕಾರ್ಯಕ್ರಮ ವರ್ಷಕ್ಕೆ ಕೆಲವು ದಿನ. ಅವರೆಕಾಳು ಸುಲಿಯುವ ಭಾನುವಾರಗಳು ಅದಕ್ಕಿಂತ ಬಹಳ.

ಸಂಕ್ರಾಂತಿಗೆ ಮುಂಚಿನ ಭಾನುವಾರವನ್ನು ನಾವು ಎಳ್ಳುಬೆಲ್ಲಕ್ಕೆ ಎತ್ತಿಡುತ್ತೇವೆ. ಒಣಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚುವುದು ಒಬ್ಬರಿಂದಾಗುವ ಕೆಲಸವಲ್ಲ, ಬೆರಳು ನೋಯುತ್ತದೆ. ಅದಕ್ಕೇ ಒಂಟಿಯಾಗಿದ್ದವರು ಪ್ಯಾಕೆಟ್ ತರುತ್ತಾರೆ. ಐದಾರು ಮನೆಯವರು ಸೇರಿದರೆ ಮಧ್ಯಾಹ್ನದೊಳಗೆ ಡಬ್ಬಿ ತುಂಬುತ್ತದೆ. ನಮ್ಮಲ್ಲಿ ವಿಜಯಪುರ ಕಡೆಯವರು ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುತ್ತಾರೆ. ಎದುರು ಮನೆಯ ಮರಾಠಿ ಆಜಿಯೂ ಅವತ್ತು ಅದನ್ನೇ ಮಾಡಿರುತ್ತಾರೆ. ಮಕ್ಕಳು ಎಳ್ಳುಬೆಲ್ಲ ಕೊಟ್ಟು ಒಳ್ಳೆ ಮಾತಾಡಿ ಎಂದು ಬರುತ್ತಾರೆ, ಅಲ್ಲಿಂದ ತಿಳಗುಳ ತೆಗೆದುಕೊಂಡು ಅದೇ ಮಾತನ್ನು ಮರಾಠಿಯಲ್ಲಿ ಕೇಳಿ ಬರುತ್ತಾರೆ. ಈ ಊರು ನಮ್ಮದಾಗಲು ಇಂಥ ದಿನಗಳು ಬಹಳ ಸಹಾಯ ಮಾಡಿವೆ.

ಎಲ್ಲವೂ ಉಳಿದಿದೆ ಎಂದು ಹೇಳಲಾರೆ. ಹಪ್ಪಳ ಸಂಡಿಗೆಗೆ ಟೆರೇಸಿನ ಕೀಲಿ ಬಹಳ ಸೊಸೈಟಿಗಳು ಕೊಡುವುದಿಲ್ಲ. ಬಿಸಿಲಲ್ಲಿ ಕೋಲು ಹಿಡಿದು ಕಾಗೆ ಕಾಯುವುದು ಎಂದರೆ ಏನೆಂದು ನನ್ನ ಮಗಳಿಗೆ ಗೊತ್ತಿಲ್ಲ. ಅದಕ್ಕಿಂತ ಜಾಸ್ತಿ ನೋವಾಗುವುದು ಹೇಳದೆ ಕೇಳದೆ ಮನೆಗೆ ಬರುವವರು ಇಲ್ಲವಾದದ್ದು. ಊರಲ್ಲಿ ಹಿತ್ತಲ ಬಾಗಿಲಿಂದ ಬಂದು ಸಕ್ಕರೆ ಡಬ್ಬಿ ತಾವೇ ತೆಗೆದುಕೊಳ್ಳುವವರು ಇದ್ದರು. ಇಲ್ಲಿ ಗೇಟಿನ ಆ್ಯಪಿನಲ್ಲಿ ಒಪ್ಪಿಗೆ ಒತ್ತದೆ ಯಾರೂ ಮೇಲೆ ಬರುವಂತಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಸಾಸಿವೆ ಎಲ್ಲಿದೆ ಎಂದು ಕೇಳದೆ ತೆಗೆದುಕೊಳ್ಳುವ ಒಬ್ಬರಾದರೂ ಬೇಕು. ಕೂಡಿ ಕೆಲಸ ಮಾಡಿದ ಮನೆಗಳಲ್ಲಿ ಮಾತ್ರ ಅಂಥವರು ಸಿಗುತ್ತಾರೆ.

ಕೆಲಸವೇ ಆಗಬೇಕೆಂದಿಲ್ಲ, ತಿರುಗಾಟವನ್ನೂ ಹಂಚಿಕೊಳ್ಳಿ. ಸಿಂಹಗಡ ಕೋಟೆಗೆ ಬೆಳಕು ಹರಿಯುವ ಮುನ್ನ ಹೊರಟರೆ ಗಾಡಿಗಳ ಸಾಲು ತಪ್ಪುತ್ತದೆ, ಮೇಲೆ ಬಿಸಿ ಪಿಠಲೆ ಭಾಕರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ಸಿಗುತ್ತದೆ. ಡಿಸೆಂಬರ್‌ನಲ್ಲಿ ಸವಾಯಿ ಗಂಧರ್ವ ಸಂಗೀತ ಮಹೋತ್ಸವ. ಕುಂದಗೋಳದ ಗಾಯಕ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಗುರುವಿನ ನೆನಪಿಗೆ ನಮ್ಮ ಗದಗ ಸೀಮೆಯ ಭೀಮಸೇನ ಜೋಶಿಯವರು ಮರುವರ್ಷವೇ ಪುಣೆಯಲ್ಲಿ ಇದನ್ನು ಶುರು ಮಾಡಿದರು. ಚಿಕ್ಕ ಮಕ್ಕಳಿರುವವರು ಆಗಲ್ಲ ಎಂದು ಬಿಡಬೇಡಿ. ಒಂದು ಸಂಜೆ ಎರಡು ಮನೆಯವರು ಹೋಗಲಿ, ಮಕ್ಕಳೆಲ್ಲ ಮೂರನೇ ಮನೆಯಲ್ಲಿ ಮಲಗಲಿ. ಮರುದಿನ ಸರದಿ ಬದಲಾಗಲಿ.

ಕೊನೆಯದಾಗಿ ಒಂದು ಕೆಲಸ, ಬಂದ ಮೊದಲ ತಿಂಗಳಲ್ಲೇ ಮಾಡಿ. ಮನೆಯ ಇನ್ನೊಂದು ಕೀಲಿಯನ್ನು ಹತ್ತಿರದ ಗೆಳೆಯರ ಮನೆಯಲ್ಲಿಡಿ, ಅವರದ್ದು ನಿಮ್ಮಲ್ಲಿರಲಿ. ಗ್ಯಾಸಿನ ವಾಲ್ವ್, ನೀರಿನ ಮುಖ್ಯ ನಲ್ಲಿ, ಮಕ್ಕಳ ಔಷಧಿ ಎಲ್ಲೆಲ್ಲಿವೆ ಎಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳಿ. ಊರಿಂದ ನಡುರಾತ್ರಿ ಫೋನ್ ಬಂದು ಇದ್ದಕ್ಕಿದ್ದಂತೆ ಹೊರಡಬೇಕಾಗುತ್ತದೆ. ಆಗ ಹಾಲು ನಿಲ್ಲಿಸಲು, ಗಿಡಕ್ಕೆ ನೀರು ಹಾಕಲು, ಶಾಲೆಗೆ ಹೋದ ಮಗುವನ್ನು ಕರೆತರಲು ಆ ಕೀಲಿ ಬೇಕಾಗುತ್ತದೆ.