ರೀಫ್ ಟ್ಯಾಂಕ್ ಲೈಟ್: ನೀಲಿಗೂ ಬಿಳಿಗೂ ಬೇರೆ ಬೇರೆ ಡ್ರೈವರ್ ಹಾಕಿ
ರೀಫ್ ಟ್ಯಾಂಕಿಗೆ, ಅಂದರೆ ಹವಳ ಸಾಕುವ ಉಪ್ಪುನೀರಿನ ತೊಟ್ಟಿಗೆ, ಮನೆಯಲ್ಲೇ ಎಲ್‌ಇಡಿ ಲೈಟ್ ಮಾಡಿಕೊಳ್ಳುವವರು ರಾಯಲ್ ಬ್ಲೂಗೆ (ಗಾಢ ನೀಲಿ) ಒಂದು, ಬಿಳಿಗೆ ಇನ್ನೊಂದು ಡ್ರೈವರ್ (ಎಲ್‌ಇಡಿಗೆ ಹದವಾಗಿ ಕರೆಂಟ್ ಕೊಡುವ ಸಾಧನ) ಇಟ್ಟುಬಿಡಿ, ಎರಡೂ ಡಿಮ್ ಆಗುವಂಥದ್ದೇ ಇರಲಿ. ಹವಳದೊಳಗೇ ಇದ್ದು ಅದಕ್ಕೆ ಊಟ ಒದಗಿಸುವ ಪಾಚಿಗೆ ಮುಖ್ಯವಾಗಿ ಬೇಕಿರುವುದು 430ರಿಂದ 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು. ಬಿಳಿ ಜಾಸ್ತಿ ನಮ್ಮ ಕಣ್ಣಿಗೆ, ಅಲ್ವಾ? ಹಾಗಾಗಿ ಗಾಜಿಗೆ ಹಸಿರು ಪಾಚಿ ಹತ್ತಿದಾಗ ಬಿಳಿಯನ್ನಷ್ಟೇ ಇಳಿಸಿ ನೋಡಬಹುದು, ಹವಳ ಹಸಿದು ಕೂರುವುದಿಲ್ಲ. ಮುಂಬೈನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಡ್ರೈವರ್ ಕೊಳ್ಳುವ ಮೊದಲು ವೋಲ್ಟ್ ಲೆಕ್ಕ ಹಾಕಿಕೊಳ್ಳಿ: 3 ವ್ಯಾಟಿನ ಒಂದು ಎಲ್‌ಇಡಿಗೆ ಸುಮಾರು 3.3 ವೋಲ್ಟ್, ಸೀರೀಸ್‌ನಲ್ಲಿ 12 ಹಾಕಿದರೆ 40ರ ಹತ್ತಿರ, 36ಕ್ಕೇ ನಿಲ್ಲುವ ಡ್ರೈವರ್ ತಂದರೆ ಸುಮ್ನೆ ದುಡ್ಡು ದಂಡ. ಹೀಟ್‌ಸಿಂಕ್ (ಎಲ್‌ಇಡಿಯ ಬಿಸಿ ಹೊರಹಾಕುವ ಲೋಹದ ಭಾಗ) ಚಿಕ್ಕದಾದರೆ ಇದೆಲ್ಲ ಕೈಕೊಡುತ್ತದೆ, ಅದರಲ್ಲೂ ಮುಂಬೈನ ಮೇ ಸೆಕೆಯಲ್ಲಿ, ಫ್ಯಾನ್ ಕೂರಿಸಿ. ತೊಟ್ಟಿ ಎರಡಡಿಗಿಂತ ಆಳವಿದ್ದರೆ ಎಲ್‌ಇಡಿ ಮೇಲೆ ಲೆನ್ಸ್ ಇಲ್ಲದೆ ತಳದ ಹವಳಕ್ಕೆ ಬೆಳಕು ಸಾಲದೆ ಹೋಗಬಹುದು. ಉಪ್ಪುನೀರು ಸಿಡಿದು ಸೋಲ್ಡರ್ ಮಾಡಿದ ಜಾಗ ಹಸಿರುಗಟ್ಟುತ್ತದೆ, ಅದಕ್ಕೆ ಲೈಟಿನ ಕೆಳಗೊಂದು ಅಕ್ರಿಲಿಕ್ ಶೀಟ್ ಇರಲಿ. ಹಾಂ, ಮೊದಲ ದಿನವೇ ಫುಲ್ ಬೆಳಕು ಬಿಡಬೇಡಿ, ಹವಳ ಬಿಳಿಚಿಕೊಳ್ಳುತ್ತದೆ. ಕಾಲುಭಾಗದಿಂದ ಶುರುಮಾಡಿ ವಾರವಾರ ಸ್ವಲ್ಪ ಸ್ವಲ್ಪ ಏರಿಸಿ.